ವೈ-ಫೈ ಹೆಸರು ಮರೆಮಾಡಿದರೆ ನೆಟ್‌ವರ್ಕ್ ಸುರಕ್ಷಿತವೇ? ಮಾರ್ಕೋನಿ ಬದುಕಿನಲ್ಲಿದೆ ಉತ್ತರ

ರೂಟರ್ ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಹೆಸರು ಕಾಣದಂತೆ ಮಾಡಿದರೆ ಯಾರೂ ಕನ್ನ ಹಾಕಲಾಗದು ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಇದು ನಿಜವೇ? ಉತ್ತರಕ್ಕಾಗಿ ನಾವು ರೇಡಿಯೋ ಸಂಪರ್ಕದ ಆರಂಭದ ದಿನಗಳಿಗೆ, ಗುಗ್ಲಿಯೆಲ್ಮೊ ಮಾರ್ಕೋನಿ ಅವರ ಕಾಲಕ್ಕೆ ಹೋಗೋಣ.

ಮಾರ್ಕೋನಿ ಹುಟ್ಟಿದ್ದು 1874ರಲ್ಲಿ, ಇಟಲಿಯ ಬೊಲೊನ್ಯಾದಲ್ಲಿ. ತಾಯಿ ಐರ್ಲೆಂಡ್‌ನವರು. ವಿಶ್ವವಿದ್ಯಾಲಯದ ಪದವಿ ಇಲ್ಲದಿದ್ದರೂ, 1895ರಲ್ಲಿ ತಮ್ಮ ಮನೆಯಿಂದ ಗುಡ್ಡದ ಆಚೆಗೆ ತಂತಿಯಿಲ್ಲದೆ ಸಂಕೇತ ಕಳಿಸಿದರು. ಮರುವರ್ಷ ಇಂಗ್ಲೆಂಡ್‌ಗೆ ಹೋದರು, 1897ರಲ್ಲಿ ಕಂಪನಿ ಕಟ್ಟಿದರು.

ಆದರೆ ಒಂದು ತೊಡಕಿತ್ತು. ಗಾಳಿಯಲ್ಲಿ ಹೋಗುವ ಸಂದೇಶವನ್ನು ರಿಸೀವರ್ ಇರುವ ಯಾರಾದರೂ ಹಿಡಿಯಬಹುದಲ್ಲವೇ? ಇದಕ್ಕೆ ಮಾರ್ಕೋನಿ ಟ್ಯೂನಿಂಗ್ ವಿಧಾನವನ್ನು ಮುಂದಿಟ್ಟು, 1900ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ನಿಗದಿತ ತರಂಗಾಂತರಕ್ಕೆ ಹೊಂದಿಸಿದ ಉಪಕರಣ ಮಾತ್ರ ಸಂದೇಶ ಪಡೆಯುತ್ತದೆ, ಬೇರೆಯವರು ಕದ್ದು ಕೇಳಲಾಗದು ಎಂದು ಅವರು ಹೇಳುತ್ತಿದ್ದರು.

ನೆವಿಲ್ ಮಾಸ್ಕೆಲಿನ್ ಎಂಬ ಜಾದೂಗಾರ ಇದನ್ನು ನಂಬಲಿಲ್ಲ. ಆತನಿಗೆ ರೇಡಿಯೋ ತಂತ್ರಜ್ಞಾನವೂ ಗೊತ್ತಿತ್ತು. ಎತ್ತರದ ಕಂಬ ನೆಟ್ಟು ಮಾರ್ಕೋನಿ ಕಂಪನಿಯ ಸಂದೇಶಗಳನ್ನು ಹಿಡಿದು, 1902ರಲ್ಲಿ ಅದನ್ನು ಪ್ರಕಟಿಸಿಯೇ ಬಿಟ್ಟ. 1903ರ ಜೂನ್‌ನಲ್ಲಿ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾತ್ಯಕ್ಷಿಕೆ ಏರ್ಪಾಡಾಗಿತ್ತು. ದೂರದ ಕಾರ್ನ್‌ವಾಲ್‌ನಿಂದ ಮಾರ್ಕೋನಿ ಸಂದೇಶ ಕಳಿಸಬೇಕಿತ್ತು. ಅದು ಬರುವ ಮೊದಲೇ ಸಭೆಯಲ್ಲಿದ್ದ ಉಪಕರಣ ಮಾರ್ಕೋನಿಯನ್ನು ಅಣಕಿಸುವ ಸಾಲುಗಳನ್ನು ಅಚ್ಚು ಹಾಕತೊಡಗಿತು! ಹತ್ತಿರದಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಮಾಸ್ಕೆಲಿನ್ ಅವನ್ನು ಕಳಿಸುತ್ತಿದ್ದ.

ಈ ಮುಜುಗರದಿಂದ ಮಾರ್ಕೋನಿ ಕೆಲಸ ನಿಲ್ಲಲಿಲ್ಲ. 1909ರಲ್ಲಿ ನೊಬೆಲ್ ಬಂತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ, ಅವರ ಕಂಪನಿಯ ಆಪರೇಟರ್‌ಗಳು ಕಳಿಸಿದ ಕರೆ ಕೇಳಿ ಬಂದ ಹಡಗು 700ಕ್ಕೂ ಹೆಚ್ಚು ಜನರನ್ನು ಉಳಿಸಿತು. ಯಾರು ಬೇಕಾದರೂ ಕೇಳಬಹುದು ಎಂಬ ಗುಣವೇ ಅಂದು ಜೀವ ಉಳಿಸಿದ್ದು. 1937ರಲ್ಲಿ ಅವರು ತೀರಿಕೊಂಡಾಗ ರೇಡಿಯೋ ಕೇಂದ್ರಗಳು ಎರಡು ನಿಮಿಷ ಮೌನವಾದವು.

ನಿಮ್ಮ ಮನೆಯ ವೈ-ಫೈ ಕೂಡ ರೇಡಿಯೋ ತರಂಗವೇ. ಗೋಡೆ ದಾಟಿ ಪಕ್ಕದ ಮನೆಗೂ ಹೋಗುತ್ತದೆ. ಹೆಸರು ಮರೆಮಾಡಿದರೂ, ನಿಮ್ಮ ಫೋನ್ ಕನೆಕ್ಟ್ ಆಗುವಾಗ ಅದೇ ಹೆಸರನ್ನು ಗಾಳಿಯಲ್ಲಿ ಕೂಗಿ ಹೇಳುತ್ತದೆ. ಅದನ್ನು ಹಿಡಿಯುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ.

ಹಾಗಾದರೆ ಏನು ಮಾಡಬೇಕು?

• ರೂಟರ್‌ನಲ್ಲಿ ಡಬ್ಲ್ಯೂಪಿಎ3 ಆಯ್ಕೆ ಮಾಡಿ. ಅದಿಲ್ಲದಿದ್ದರೆ ಡಬ್ಲ್ಯೂಪಿಎ2-ಎಇಎಸ್ ಇರಲಿ. ಇವು ಸಂದೇಶವನ್ನೇ ಗೂಢಲಿಪಿಗೆ ಬದಲಿಸುತ್ತವೆ. ಹಳೆಯ ಡಬ್ಲ್ಯೂಇಪಿ ಬೇಡವೇ ಬೇಡ.
• ವೈ-ಫೈ ಪಾಸ್‌ವರ್ಡ್ ಉದ್ದವಾಗಿರಲಿ. ಫೋನ್ ನಂಬರ್, ಮಕ್ಕಳ ಹೆಸರು ಬೇಡ.
• ಸೆಟ್ಟಿಂಗ್ಸ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಬೇರೆ ಇರುತ್ತದೆ. ಕಂಪನಿ ಕೊಟ್ಟದ್ದನ್ನು ಬದಲಿಸಿ.
• ಡಬ್ಲ್ಯೂಪಿಎಸ್ ಆಫ್ ಮಾಡಿ, ರೂಟರ್ ಅಪ್‌ಡೇಟ್ ಮಾಡಿ.

ನಮ್ಮ ತೀರ್ಮಾನ: ಹೆಸರು ಮರೆಮಾಡಿದರೆ ಸಾಕು ಎಂಬುದು ತಪ್ಪು. ಮನೆಯ ನಾಮಫಲಕ ತೆಗೆದರೆ ಬಾಗಿಲಿಗೆ ಬೀಗ ಬೀಳುವುದಿಲ್ಲ.