ಕುಲಂಜ್‌ಗೆ ಪುಸ್ತಕ ಬರೆದ ಹಕೀಮ ಇಬ್ನು ಸೀನಾ

ಯಾದಗಿರಿ, ಶಹಾಪುರ, ಸುರಪುರ 1948ರವರೆಗೆ ನಿಝಾಮರ ಸಂಸ್ಥಾನದಲ್ಲಿದ್ದ ಊರುಗಳು. ಯುನಾನಿಗೆ ನಿಝಾಮ್ ಸರಕಾರದ ಆಸರೆ ಇತ್ತು. ಕರುಳು ಹಿಂಡುವ ನೋವಿಗೆ ಯುನಾನಿ ಹಕೀಮರು ಹೇಳುವ ಹೆಸರು ಕುಲಂಜ್. ಕರಾವಳಿಯ ನಾವು ಬರೀ ಹೊಟ್ಟೆನೋವು ಅಂತೇವೆ, ಓಮದ ಕಷಾಯ ಕುಡಿಸಿ ಸುಮ್ಮನಾಗ್ತೇವೆ.

ಈ ಕುಲಂಜ್ ಮೇಲೆ ಒಂದು ಪುಸ್ತಕವನ್ನೇ ಬರೆದವರು ಇಬ್ನು ಸೀನಾ. 980ರಲ್ಲಿ ಬುಖಾರಾ ಹತ್ತಿರದ ಅಫ್ಶಾನಾದಲ್ಲಿ ಹುಟ್ಟಿದರು. ಹತ್ತು ವರ್ಷಕ್ಕೆ ಕುರ್‌ಆನ್ ಕಂಠಪಾಠ. ಹದಿಹರೆಯದಲ್ಲೇ ಅಮೀರ್ ನೂಹ್ ಬಿನ್ ಮನ್ಸೂರರಿಗೆ ಚಿಕಿತ್ಸೆ ಮಾಡಿ ಅರಮನೆಯ ಗ್ರಂಥಾಲಯದ ಬಾಗಿಲು ತೆರೆಸಿಕೊಂಡರು. ಮುಂದೆ ಊರೂರು ಅಲೆದು ಹಮದಾನ್ ಸೇರಿದರು. ಅಲ್ಲಿನ ಅಮೀರ್ ಶಮ್ಸುದ್ದೌಲಾರ ಕುಲಂಜ್ ವಾಸಿ ಮಾಡಿದ್ದಕ್ಕೆ ವಝೀರ ಪದವಿಯೇ ಸಿಕ್ಕಿತು. ಅಮೀರ್ ತೀರಿಕೊಂಡ ಮೇಲೆ ಮಾತ್ರ ಫರ್ದಜಾನ್ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆ. ಕುಲಂಜ್ ಪುಸ್ತಕ ಬರೆದದ್ದು ಆ ಸೆರೆಯಲ್ಲೇ.

ದೊಡ್ಡ ಕರುಳಿನದ್ದು ಕುಲಂಜ್, ಸಣ್ಣ ಕರುಳು ಕಟ್ಟಿದರೆ ಈಲಾವುಸ್ ಎಂದು ಅವರು ಬೇರ್ಪಡಿಸಿದ್ದರು. ಒಣಗಿದ ಮಲ, ಹುಳ, ಬಾವು, ಕರುಳು ತಿರುಚುವುದು ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ. ಹೊಟ್ಟೆ ಕೊಯ್ದು ಸರಿಮಾಡುವ ಕಾಲ ಅದಲ್ಲ, ಬಿಡಿ.

ಇವತ್ತು ಸಣ್ಣ ಕರುಳು ಕಟ್ಟುವುದು ಹೆಚ್ಚಾಗಿ ಹಳೆ ಆಪರೇಷನ್ನಿನ ಅಂಟು, ಹರ್ನಿಯಾ, ಟಿಬಿಯಿಂದ. ಅಪರೂಪಕ್ಕೆ ಮಕ್ಕಳಲ್ಲಿ ಜಂತುಹುಳದ ಮುದ್ದೆ, ಕೂದಲು ತಿನ್ನುವ ಹುಡುಗಿಯರಲ್ಲಿ ಕೂದಲುಂಡೆ, ಪಿತ್ತಕೋಶದಿಂದ ಜಾರಿದ ಕಲ್ಲು ಸಿಗುವುದುಂಟು. ಮೊದಲು ಮೂಗಿನಿಂದ ನಳಿಕೆ ಇಳಿಸಿ ಡ್ರಿಪ್ ಹಾಕ್ತಾರೆ. ಬಿಡದಿದ್ದರೆ ಆಪರೇಷನ್. ಹುಳಗಳನ್ನು ಕೈಯಲ್ಲೇ ಮೆಲ್ಲಗೆ ದೊಡ್ಡ ಕರುಳಿಗೆ ನೂಕುತ್ತಾರೆ. ಉಂಡೆ, ಕಲ್ಲು ಇದ್ದರೆ ಕರುಳು ಸೀಳಿ ತೆಗೆದು ಹೊಲಿಯುತ್ತಾರೆ. ಕರುಳು ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ ಜೋಡಿಸುತ್ತಾರೆ. ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಗಾಳಿಯೂ ಹೋಗದ ಸ್ಥಿತಿ ಕಂಡರೆ ಮನೆಯಲ್ಲಿ ಹರಳೆಣ್ಣೆ ಕುಡಿಸಬೇಡಿ, ಎನಿಮಾ ಕೊಡಬೇಡಿ, ಆಸ್ಪತ್ರೆಗೆ ಓಡಿ.

ಯಾಕೆಂದರೆ ಇಬ್ನು ಸೀನಾರಿಗೂ ಕೊನೆಗೆ ಅದೇ ಕುಲಂಜ್ ಬಂತು. ಅಮೀರ್ ಅಲಾವುದ್ದೌಲಾರ ಸೇನೆಯ ಜೊತೆ ಹೊರಟಿದ್ದರು. ದಾರಿಯಲ್ಲಿ ಹಿಂದೆ ಬೀಳುವ ಭಯ. ಬೇಗ ಗುಣವಾಗಲಿ ಎಂದು ಒಂದೇ ದಿನ ಎಂಟು ಸಲ ಎನಿಮಾ ತೆಗೆದುಕೊಂಡರು. ಕರುಳು ಹುಣ್ಣಾಯಿತು. ಔಷಧಿ ಬೆರೆಸಿದವನು ಅವರು ಹೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಅಜಮೋದ ಬೀಜ ಸುರಿದ. ಹಣ ಕದ್ದಿದ್ದ ಸೇವಕರು ಅಫೀಮು ಬೆರೆಸಿದರೆಂದೂ ಶಿಷ್ಯ ಜುಝ್‌ಜಾನಿ ಬರೆದಿಟ್ಟಿದ್ದಾರೆ. ಸ್ವಲ್ಪ ಚೇತರಿಸಿ ಮತ್ತೆ ಮಲಗಿದರು. ಹಮದಾನ್ ತಲುಪಿದಾಗ ಔಷಧಿ ಬಿಟ್ಟುಬಿಟ್ಟರು. ಗುಲಾಮರನ್ನು ಬಿಡುಗಡೆ ಮಾಡಿ, ಸೊತ್ತನ್ನು ಬಡವರಿಗೆ ಸದಕ ಕೊಟ್ಟು, ಮೂರು ದಿನಕ್ಕೊಮ್ಮೆ ಕುರ್‌ಆನ್ ಖತಂ ಮಾಡುತ್ತಾ ಹಿಜ್ರಾ 428ರ ರಮಝಾನಿನಲ್ಲಿ, ಅಂದರೆ 1037ರಲ್ಲಿ, ಕಣ್ಣು ಮುಚ್ಚಿದರು. ಹಮದಾನ್‌ನಲ್ಲೇ ಅವರ ಕಬರ್ ಇದೆ.