ಭದ್ರಾವತಿಯ ಕುಲುಮೆ ಮತ್ತು ಸರ್ ಎಂ.ವಿ. ಪಾಠ

ಸರ್ ಎಂ.ವಿ. ಎಂದೊಡನೆ ಕನ್ನಂಬಾಡಿ ಕಟ್ಟೆ ಕಣ್ಣ ಮುಂದೆ ಬರುತ್ತದೆ. ಉದ್ಯಮಕ್ಕೆ ಬೇಕಾದ ವಿದ್ಯೆಯನ್ನು ನಾಡಿನವರಿಗೇ ಕಲಿಸಿ, ಆ ಕಲಿಕೆಯಿಂದ ಉದ್ಯಮವನ್ನು ಉಳಿಸಿಕೊಂಡ ಅವರ ಇನ್ನೊಂದು ಸಾಧನೆ ಅಷ್ಟಾಗಿ ನೆನಪಾಗುವುದಿಲ್ಲ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಮನೆಪಾಠ ಹೇಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. 1898ರಲ್ಲಿ ಜಪಾನಿಗೆ ಹೋದಾಗ, ಅಲ್ಲಿ ಶಿಕ್ಷಣವೂ ಕೈಗಾರಿಕೆಯೂ ಜೊತೆಜೊತೆಯಾಗಿ ಬೆಳೆಯುತ್ತಿದ್ದುದನ್ನು ಕಂಡರು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯ (1916) ಹಾಗೂ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (1917) ಆ ಕಾಲದ ಕೊಡುಗೆಗಳು. ಗಂಧದೆಣ್ಣೆಯಿಂದ ಸಾಬೂನು ಮಾಡುವ ಯೋಜನೆ ಹುಟ್ಟಿದಾಗ, ಆ ವಿದ್ಯೆಯನ್ನೇ ಕಲಿತು ಬರಲೆಂದು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಮರಳಿದ ಮೇಲೆ ಮೈಸೂರು ಸ್ಯಾಂಡಲ್ ಸೋಪು ರೂಪುಗೊಂಡಿತು.

ನಿಜವಾದ ಪರೀಕ್ಷೆ ಎದುರಾದದ್ದು ಭದ್ರಾವತಿಯಲ್ಲಿ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸುವ ಹೊತ್ತಿಗೆ ಯುದ್ಧಕಾಲದ ಬೆಲೆ ಕುಸಿದಿತ್ತು. ಹೆಚ್ಚಿನ ಸಂಬಳದ ಅಮೆರಿಕನ್ ತಜ್ಞರ ಮೇಲೆ ಅವಲಂಬಿತವಾಗಿದ್ದ ಕಾರ್ಖಾನೆ ನಷ್ಟಕ್ಕೆ ಸಿಲುಕಿತು. ಪ್ರಜೆಗಳ ಹಣ ಪೋಲಾಗುತ್ತಿದೆ ಎಂಬ ಟೀಕೆ ಎದ್ದಿತು. ಅಧಿಕಾರ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಮಹಾರಾಜರ ಕೋರಿಕೆಯಂತೆ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿದರು. ಖರ್ಚಿನ ಪ್ರತಿ ಬಾಬನ್ನೂ ಪರಿಶೀಲಿಸಿದರು. ಸ್ಥಳೀಯ ಎಂಜಿನಿಯರರನ್ನು ಕುಲುಮೆಯ ಕೆಲಸದಲ್ಲಿ ಪಳಗಿಸಿ, ವಿದೇಶಿಯರ ಸ್ಥಾನಗಳನ್ನು ಹಂತಹಂತವಾಗಿ ಅವರಿಗೆ ಒಪ್ಪಿಸಿದರು. 1929ರಲ್ಲಿ ಅವರು ನಿರ್ಗಮಿಸುವ ವೇಳೆಗೆ ಕಾರ್ಖಾನೆಯನ್ನು ಮೈಸೂರಿನವರೇ ನಡೆಸಬಲ್ಲರೆಂಬುದು ಖಚಿತವಾಗಿತ್ತು. ಮುಂದೆ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು.

ಈ ದುಡಿಮೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಮೀಸಲಿಡುವಂತೆ ಸೂಚಿಸಿದರು. ಅದರ ಫಲವಾಗಿ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ತಲೆಯೆತ್ತಿತು. ಸಂಸ್ಥೆಗೆ ತಮ್ಮ ಹೆಸರಿನ ಬದಲು ಮಹಾರಾಜರ ಹೆಸರನ್ನಿಡಬೇಕೆಂದು ಬಯಸಿದವರೂ ಅವರೇ.

1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ನಿಧನರಾದರು. ಉದ್ಯೋಗಿಗಳ ತರಬೇತಿಗೆ ಹಣ ತೆಗೆದಿಡುವ ಇಂದಿನ ಸಂಸ್ಥೆಗಳಿಗೆ ಭದ್ರಾವತಿಯ ಪಾಠ ಈಗಲೂ ಸಲ್ಲುತ್ತದೆ: ಸಂಸ್ಥೆಗೆ ಏನು ಬೇಕೆಂಬುದು ಮೊದಲು ತಿಳಿಯಬೇಕು, ಕಲಿತವನ ಕೈಗೆ ಆ ಕೆಲಸವನ್ನು ಒಪ್ಪಿಸಬೇಕು.