ಬೀಳಗಿಯ ಮೋದಿ ಡಾಕ್ಟರು

ಮೊದಲೇ ಹೇಳಿಬಿಡ್ತೀವಿ, ಇದು ರಾಜಕೀಯದ ಲೇಖನ ಅಲ್ಲ. ಶೀರ್ಷಿಕೆ ಹಾಕಿದ ಕೂಡಲೇ ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ಇಬ್ಬರು ಜಗಳಕ್ಕೆ ನಿಂತಿದ್ರು. ಈ ಮೋದಿಯವರು ಬೇರೆ. ಪೂರ್ತಿ ಹೆಸರು ಮುರುಗಪ್ಪ ಚನ್ನವೀರಪ್ಪ ಮೋದಿ, ಊರು ಬಾಗಲಕೋಟೆ ಜಿಲ್ಲೆಯ ಬೀಳಗಿ, ಕೆಲಸ ಕಣ್ಣಿನ ಆಪರೇಷನ್. 2005ರ ನವೆಂಬರ್‌ನಲ್ಲಿ ತೀರಿಕೊಂಡ್ರು. ನಮ್ಮ ಬ್ಯಾಚಿನ ಬಹಳ ಮಂದಿ ಆಗಿನ್ನೂ ಹುಟ್ಟಿರಲಿಲ್ಲ. ಇಂಟರ್ನ್‌ಶಿಪ್ಪಿಗೆ ಅಂತ ಬೆಂಗಳೂರಿಗೆ ಹೋದವರು ಮೋದಿ ಆಸ್ಪತ್ರೆ ಅನ್ನೋ ಬಸ್ ಸ್ಟಾಪ್ ನೋಡಿರಬಹುದು. ಅದು ಇವರ ಹೆಸರಿನದೇ.

ಹೋದ ದಸರಾ ರಜೆಯವರೆಗೆ ನಮಗೂ ಇಷ್ಟು ಗೊತ್ತಿರಲಿಲ್ಲ. ರಜೆಯಲ್ಲಿ ನಾವು ಮೂವರು ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯೊಳಗಿರೋ ನಮ್ಮಲ್ಲೊಬ್ಬನ ಮನೆಗೆ ಹೋಗಿದ್ವಿ. ಹಬ್ಬಕ್ಕೆ ಅಟ್ಟ ಸ್ವಚ್ಛ ಮಾಡುವಾಗ ಹಳೇ ಟ್ರಂಕಿನಲ್ಲಿ ಒಂದು ಚಾಳೀಸು ಸಿಕ್ತು. ಅಪ್ಪಟ ಸೋಡಾಬುಡ್ಡಿ, ಗಾಜು ನಡುವೆ ಉಬ್ಬಿಕೊಂಡಿತ್ತು. ಯಾರದು ಅಂತ ಅಜ್ಜಿಯನ್ನ ಕೇಳಿದ್ವಿ. ಅವರ ಅವ್ವಂದಂತೆ. ಎರಡೂ ಕಣ್ಣು ಮಂಜಾಗಿ ಗೋಡೆ ಹಿಡಿದು ಓಡಾಡ್ತಿದ್ದ ಮುದುಕಿಯನ್ನ ಚಕ್ಕಡಿಯಲ್ಲಿ ಕೂರಿಸಿಕೊಂಡು ಮೋದಿ ಡಾಕ್ಟರ ಶಿಬಿರಕ್ಕೆ ಕರೆದೊಯ್ದಿದ್ರಂತೆ. ಒಂದು ಪೈಸೆ ತಗೊಳ್ಳಲಿಲ್ಲ, ಊಟಾನೂ ಅಲ್ಲೇ ಹಾಕಿದ್ರು ಅಂತ ಹೇಳಿ ಅಜ್ಜಿ ಎರಡೂ ಕೈ ಎತ್ತಿ ಮುಗಿದ್ರು, ಡಾಕ್ಟರು ಅಲ್ಲೇ ಎದುರಿಗೆ ನಿಂತಿದ್ದಾರೇನೋ ಅನ್ನೋ ಹಾಗೆ.

ಅದೇ ವಾರ ಅದೇ ಮನೆಯ ಅಜ್ಜನಿಗೆ ಮೋತಿಬಿಂದು ಅಂತ ಗೊತ್ತಾಗಿತ್ತು. ಆಪರೇಷನ್ ಎಲ್ಲಿ ಮಾಡಿಸೋದು, ದುಡ್ಡು ಯಾರು ಕೊಡೋದು ಅನ್ನೋ ಮಾತು ಪಡಸಾಲೆಯಲ್ಲಿ ನಡೀತಾನೇ ಇತ್ತು. ನಾವು ಮೋದಿ ಡಾಕ್ಟರ ಬಗ್ಗೆ ಹುಡುಕೋಕೆ ಶುರು ಮಾಡಿದ್ದು ಹೀಗೆ.

ಅವರು ಹುಟ್ಟಿದ ಕಾಲಕ್ಕೆ ಬೀಳಗಿ ಬ್ರಿಟಿಷರ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು. ಅಂಥಾ ಊರಿಂದ ಒಬ್ಬ ಹುಡುಗ ಡಾಕ್ಟರಾಗೋದೇ ಆಗ ದೊಡ್ಡ ಮಾತು. ಆದಮೇಲೆ ಯಾವುದಾದರೂ ಪಟ್ಟಣದಲ್ಲಿ ಬೋರ್ಡು ಹಾಕಿಕೊಂಡು ಕೂತಿದ್ರೆ ಯಾರೂ ತಪ್ಪು ಅಂತಿರಲಿಲ್ಲ. ಆದ್ರೆ ಗಾಂಧೀಜಿಯ ಪ್ರಭಾವ ಅವರ ಮೇಲೆ ಬಲವಾಗಿತ್ತು. 1943ರಿಂದ, ಇನ್ನೂ ಮೂವತ್ತು ತುಂಬೋದರೊಳಗೇ, ಉಚಿತ ಶಿಬಿರಗಳನ್ನ ಶುರು ಮಾಡಿದ್ರು. ರೋಗಿ ಆಸ್ಪತ್ರೆಗೆ ಬರೋಕಾಗಲ್ಲ ಅಂದ್ರೆ ಆಸ್ಪತ್ರೆನೇ ರೋಗಿ ಹತ್ತಿರ ಹೋಗಬೇಕು ಅನ್ನೋ ಲೆಕ್ಕ.

ಅದೇ 1943ರಲ್ಲಿ ದಿಲ್ಲಿಯಲ್ಲೂ ಒಂದು ಕೆಲಸ ಶುರುವಾಗಿತ್ತು. ಜೋಸೆಫ್ ಭೋರ್ ಅನ್ನೋ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸರಕಾರ ಒಂದು ಸಮಿತಿ ಮಾಡಿತ್ತು, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ಹೇಳೋಕೆ. 1946ರಲ್ಲಿ ವರದಿ ಬಂತು. ಅದರ ತಿರುಳು ಇಷ್ಟೇ: ದುಡ್ಡು ಕೊಡೋ ಶಕ್ತಿ ಇಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಶುರುವಿಗೆ 40 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಆಗಬೇಕು. ಎರಡು ವರ್ಷ ಬಿಟ್ಟು, 1948ರಲ್ಲಿ, ಇಂಗ್ಲೆಂಡು ತನ್ನ ಎನ್‌ಎಚ್‌ಎಸ್ ಶುರು ಮಾಡೇಬಿಟ್ಟಿತು. ನಮ್ಮಲ್ಲಿ 1952ರಿಂದ ಪಿಎಚ್‌ಸಿಗಳು ಒಂದೊಂದಾಗಿ ಎದ್ದವು, ಆದ್ರೆ ವರದಿ ಕಂಡ ಕನಸಿಗೂ ಹಳ್ಳಿಯ ಬಾಗಿಲಿಗೂ ನಡುವೆ ಬಹಳ ದೂರ ಉಳೀತು. ಮೋದಿಯವರು ಆ ವರದಿಗೆ ಕಾಯಲಿಲ್ಲ. ಅವರನ್ನ ಮೆಚ್ಚಬೇಕೋ, ವರದಿಯನ್ನ ಬೈಯಬೇಕೋ ಅಂತ ನಾವು ಮೂವರೂ ಇನ್ನೂ ಜಗಳ ಆಡ್ತಾ ಇದ್ದೀವಿ.

ಮೋತಿಬಿಂದು ಅಂದ್ರೆ ಕಣ್ಣಿನೊಳಗಿನ ಲೆನ್ಸ್ ಮಬ್ಬಾಗೋದು. ಜೀವ ತೆಗೆಯಲ್ಲ, ನೋವೂ ಇರಲ್ಲ, ಅದಕ್ಕೇ ಯಾರಿಗೂ ಅವಸರ ಇರಲ್ಲ. ಮಾತ್ರೆ, ಡ್ರಾಪ್ಸ್ ಯಾವುದರಿಂದಲೂ ಹೋಗಲ್ಲ, ಆಪರೇಷನ್ನೇ ಆಗಬೇಕು. ಹೊಲ ಮಾಡೋ ಮನುಷ್ಯನಿಗೆ ಕಣ್ಣು ಹೋದ್ರೆ ಅವನು ಕಟ್ಟೆಗೆ ಕೂತ ಅಂತಲೇ ಲೆಕ್ಕ. ಜೊತೆಗೆ ಅವನ ಕೋಲು ಹಿಡಿದು ನಡೆಸೋಕೆ ಒಂದು ಮಗು ಶಾಲೆ ಬಿಡಬೇಕು. ಒಂದು ಕಣ್ಣಿನಿಂದ ಎರಡು ಜೀವನ ನಿಲ್ಲೋದು ಹೀಗೆ.

ಶಿಬಿರ ಅಂದ್ರೆ ಶಾಲೆಯೋ ಛತ್ರವೋ ಏನು ಸಿಗುತ್ತೋ ಅದು. ಊರವರು ಊಟ, ಹಾಸಿಗೆ ನೋಡ್ಕೋತಿದ್ರು. ಮೊದಲು ತಪಾಸಣೆ, ಆಮೇಲೆ ಆಪರೇಷನ್‌ಗೆ ತಕ್ಕವರನ್ನ ಬೇರೆ ಮಾಡೋದು. ಸಾಲಾಗಿ ಟೇಬಲ್, ಸಹಾಯಕರು ಪ್ರತಿ ರೋಗಿಯನ್ನ ಮೊದಲೇ ತಯಾರು ಮಾಡಿ ಇಡೋರು, ಡಾಕ್ಟರು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಸರೀತಾ ಹೋಗೋರು, ಹಿಂದೆ ಪಟ್ಟಿ ಕಟ್ಟೋರು. ನಮ್ಮಲ್ಲಿ ಮೆಕ್ಯಾನಿಕಲ್‌ನವನಿಗೆ ಇದನ್ನ ಓದಿ ರೋಮಾಂಚನ ಆಯ್ತು. ಇದು ಶುದ್ಧ ಅಸೆಂಬ್ಲಿ ಲೈನ್! ನುರಿತ ಕೈ ಒಂದೇ ಇದ್ರೆ, ಆ ಕೈ ಒಂದು ಕ್ಷಣವೂ ಸುಮ್ಮನೆ ಇರದ ಹಾಗೆ ಉಳಿದ ಎಲ್ಲವನ್ನ ಅದರ ಸುತ್ತ ಜೋಡಿಸೋದು.

ಲೆಕ್ಕ ನೋಡಿ. ಒಂದೇ ದಿನ 833 ಮೋತಿಬಿಂದು ಆಪರೇಷನ್, ಇದು ಗಿನ್ನೆಸ್ ಪುಸ್ತಕದಲ್ಲಿದೆ. ದಿನಕ್ಕೆ 14 ಗಂಟೆ ದುಡಿದ್ರು ಅಂತ ಇಟ್ಟುಕೊಂಡ್ರೂ ಹೆಚ್ಚುಕಮ್ಮಿ ನಿಮಿಷಕ್ಕೊಂದು. ಅದೇ ಪುಸ್ತಕದ ಪ್ರಕಾರ 1993ರ ಫೆಬ್ರವರಿಯವರೆಗೆ ಅವರು ಮುಟ್ಟಿದ ಹಳ್ಳಿ 46,120, ನೋಡಿದ ರೋಗಿಗಳು 1,21,18,630, ಮಾಡಿದ ಆಪರೇಷನ್ 6,10,564. ಇಡೀ ಕರ್ನಾಟಕದಲ್ಲಿರೋ ಹಳ್ಳಿಗಳೇ 30 ಸಾವಿರದೊಳಗೆ. ಐವತ್ತು ವರ್ಷಕ್ಕೆ ಹಂಚಿದ್ರೆ ದಿನಕ್ಕೆ 33 ಆಪರೇಷನ್, ಅದೂ ಭಾನುವಾರ, ಹಬ್ಬ ಏನೂ ಬಿಡದೆ. ನಾವು ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಮಾಡಿದ್ವಿ.

ಜನ ಅವರನ್ನ ಕಣ್ಣು ಕೊಟ್ಟ ಅಣ್ಣ ಅಂತ ಕರೀತಿದ್ರು. ಸರಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು.

ಜಗಳ ಎದ್ದದ್ದು ಇಲ್ಲೇ. ನಮ್ಮಲ್ಲಿ ಸಿವಿಲ್‌ನವನು 833ರ ಸಂಖ್ಯೆಯನ್ನೇ ತಿರುಗಿಸಿ ಇಟ್ಟ. ಒಂದೇ ಜಾಗದಲ್ಲಿ ಒಂದೇ ದಿನಕ್ಕೆ ಅಷ್ಟು ಕುರುಡರು ಸಾಲಿನಲ್ಲಿ ನಿಂತಿದ್ರು ಅಂದ್ರೆ ಅಲ್ಲಿವರೆಗೆ ಅವರನ್ನ ಯಾರೂ ನೋಡಿರಲೇ ಇಲ್ಲ ಅಂತ ಅರ್ಥ ಅಲ್ಲವಾ? ದಾಖಲೆ ಡಾಕ್ಟರದ್ದು, ನಾಚಿಕೆ ವ್ಯವಸ್ಥೆಯದು. ತಾನು ಮಾಡಬೇಕಾದ ಕೆಲಸವನ್ನ ಇನ್ನೊಬ್ಬರು ಬಿಟ್ಟಿ ಮಾಡಿದ್ರು ಅಂತ ಸರಕಾರ ಪದಕ ಕೊಟ್ಟು ಕೈ ತೊಳಕೊಂಡಿತು ಅನ್ನೋದು ಅವನ ವಾದ. ಅಂಧತ್ವ ನಿಯಂತ್ರಣಕ್ಕೆ ಅಂತಲೇ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 1976ರಲ್ಲಿ. ಮೋದಿಯವರು ಶುರು ಮಾಡಿ ಆಗಲೇ 33 ವರ್ಷ ಆಗಿತ್ತು.

ಮೆಕ್ಯಾನಿಕಲ್‌ನವನು ಸುಮ್ಮನಿರಲಿಲ್ಲ, ಯಾಕಂದ್ರೆ ಟ್ರಂಕು ಸಿಕ್ಕದ್ದು ಅವನ ಮನೆಯಲ್ಲಿ. ಆ 33 ವರ್ಷ ಅವನ ಮುತ್ತಜ್ಜಿ ಕುರುಡಿಯಾಗಿ ಕಾಯಬೇಕಿತ್ತಾ? ವ್ಯವಸ್ಥೆ ಬರಲಿ ಅಂತ ಮೋದಿಯವರೂ ಕಾದಿದ್ರೆ ಆರು ಲಕ್ಷ ಕಣ್ಣಿನ ಗತಿ ಏನು? ಈ ಪ್ರಶ್ನೆಗೆ ಸಿವಿಲ್‌ನವನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕಂದ್ರೆ ಯಾರ ಹತ್ತಿರಾನೂ ಇಲ್ಲ.

ಆದ್ರೂ ಶಿಬಿರಕ್ಕೆ ಅದರದೇ ಮಿತಿ ಇತ್ತು. ಆ ಕಾಲದ ಆಪರೇಷನ್‌ನಲ್ಲಿ ಮಬ್ಬಾದ ಲೆನ್ಸ್ ತೆಗೀತಿದ್ರು, ಒಳಗೆ ಬೇರೆ ಲೆನ್ಸ್ ಹಾಕ್ತಿರಲಿಲ್ಲ. ಅದಕ್ಕೇ ಆ ದಪ್ಪ ಚಾಳೀಸು, ಹತ್ತು ಡಯಾಪ್ಟರ್ ಆಸುಪಾಸಿನದು. ಅದು ಒಡೆದ್ರೆ, ಕಳೆದ್ರೆ ಮತ್ತೆ ಕತ್ತಲೆ, ಮತ್ತೆ ಮಾಡಿಸೋಕೆ ಪಟ್ಟಣಕ್ಕೇ ಹೋಗಬೇಕು. ಶಿಬಿರ ಎತ್ತಿದ ಮೇಲೆ ಕಣ್ಣು ಕೆಂಪಾದ್ರೆ ಯಾರನ್ನ ಕೇಳೋದು? ಅಷ್ಟೇ ಅಲ್ಲ, ಎಷ್ಟೇ ತೊಳೆದ್ರೂ ಶಾಲೆಯ ಕೋಣೆ ಆಪರೇಷನ್ ಥಿಯೇಟರ್ ಆಗಲ್ಲ. 2014ರಲ್ಲಿ ಪಂಜಾಬಿನ ಗುರುದಾಸ್‌ಪುರ ಜಿಲ್ಲೆಯ ಒಂದು ಕಣ್ಣಿನ ಶಿಬಿರದಲ್ಲಿ ಆಪರೇಷನ್ ಆದ ಹಲವರು ಇದ್ದ ದೃಷ್ಟಿಯನ್ನೂ ಕಳಕೊಂಡ್ರು. ಈಗ ಹಳ್ಳಿಯಲ್ಲಿ ತಪಾಸಣೆ ಮಾತ್ರ ಮಾಡಿ, ಆಪರೇಷನ್‌ಗೆ ಆಸ್ಪತ್ರೆಗೇ ಕರಕೊಂಡು ಹೋಗೋ ಪದ್ಧತಿ ಬಂದಿದೆ. ಮಧುರೈನಲ್ಲಿ 1976ರಲ್ಲಿ ಡಾ. ವೆಂಕಟಸ್ವಾಮಿಯವರು ಶುರು ಮಾಡಿದ ಅರವಿಂದ್ ಆಸ್ಪತ್ರೆ ಈ ದಾರಿಯಲ್ಲೇ ಬೆಳೀತು, ಉಳ್ಳವರ ಫೀಸಿನಿಂದ ಇಲ್ಲದವರಿಗೆ ಉಚಿತ. ಒಳಗೆ ಕೂರಿಸೋ ಲೆನ್ಸನ್ನೂ ಅವರ ಸಂಸ್ಥೆ 1992ರಿಂದ ಅಗ್ಗದಲ್ಲಿ ಮಾಡ್ತಿದೆ.

ಎರಡನೇ ಸೆಮಿಸ್ಟರ್‌ನಲ್ಲಿ ನಾವು ಸಂವಿಧಾನದ ಪೇಪರ್ ಓದಿದ್ವಿ, ಅಂದ್ರೆ ಹಿಂದಿನ ರಾತ್ರಿ ಓದಿದ್ವಿ. ಜನರ ಆರೋಗ್ಯ ಸುಧಾರಿಸೋದು ರಾಜ್ಯದ ಕರ್ತವ್ಯ ಅಂತ 47ನೇ ವಿಧಿ ಹೇಳುತ್ತೆ. ಆದ್ರೆ ಅದು ನಿರ್ದೇಶಕ ತತ್ವ, ಅದನ್ನ ಹಿಡಿದು ಕೋರ್ಟಿಗೆ ಹೋಗೋಕಾಗಲ್ಲ ಅಂತ 37ನೇ ವಿಧಿ ಹೇಳುತ್ತೆ. ಆಗ ಇದು ಎರಡು ಅಂಕದ ಪ್ರಶ್ನೆ ಆಗಿತ್ತು.

ಅಜ್ಜನ ಕಥೆ ಹೇಳಿದ್ರೆ ಇದು ತಿಳಿಯುತ್ತೆ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥಾ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸರಕಾರವೇ ಕೊಡುತ್ತೆ. ಆ ಧೈರ್ಯದ ಮೇಲೆ ಮೊದಲು ಒಂದು ಖಾಸಗಿ ಆಸ್ಪತ್ರೆಗೆ ಹೋದ್ರು. ಸರಕಾರಿ ಆಸ್ಪತ್ರೆಯಿಂದ ರೆಫರಲ್ ಇಲ್ಲದೆ ಇಲ್ಲಿ ಕಾರ್ಡ್ ನಡೆಯಲ್ಲ ಅಂದ್ರು, ಅದು ನಿಯಮ, ಅವರ ತಪ್ಪಲ್ಲ. ದುಡ್ಡು ಕಟ್ಟಿದ್ರೆ ನಾಳೆನೇ ಮಾಡ್ತೀವಿ ಅಂತ ಮೂರು ತರದ ಲೆನ್ಸಿನ ರೇಟ್ ತೋರಿಸಿದ್ರು. ಮಧ್ಯದ ರೇಟೇ ಆ ವರ್ಷದ ಹೆಸರಿನ ಪೀಕಿಗೆ ಸಮ ಇತ್ತು. ಅಜ್ಜ ಎದ್ದು ಬಂದ್ರು. ಮೆಕ್ಯಾನಿಕಲ್‌ನವನು ಅವತ್ತು ರಾತ್ರಿ ಸಿವಿಲ್‌ನವನ ಜೊತೆ ವಾದ ಮಾಡಲಿಲ್ಲ.

ಒಂದು ಮಾತು ಇಲ್ಲಿ ಸೇರಿಸಬೇಕು. ಪಕ್ಕದ ಹಾವೇರಿ ಸೇರಿ ನಾಲ್ಕು ಜಿಲ್ಲೆಗಳಲ್ಲಿ ರಾಜ್ಯ ಸರಕಾರ 2023ರಲ್ಲಿ ಆಶಾಕಿರಣ ಅನ್ನೋ ಯೋಜನೆ ಶುರು ಮಾಡಿತು. ಮನೆ ಮನೆಗೆ ಹೋಗಿ ಕಣ್ಣು ಪರೀಕ್ಷೆ, ಬೇಕಾದವರಿಗೆ ಉಚಿತ ಕನ್ನಡಕ, ಉಚಿತ ಆಪರೇಷನ್. ಓದಿದಾಗ ನಮಗೆ ಮೋದಿಯವರ ಅದೇ ಹಳೇ ಲೆಕ್ಕ ನೆನಪಾಯ್ತು. 1943ರಲ್ಲಿ ಒಬ್ಬರು ಹೊತ್ತ ಕೆಲಸ ಸರಕಾರದ ಬಜೆಟ್ಟಿಗೆ ಬರೋಕೆ ಎಂಬತ್ತು ವರ್ಷ ಹಿಡೀತು ಅಂತ ಸಿವಿಲ್‌ನವನು ಗೊಣಗಿದ. ಬಂತಲ್ಲ ಅಂತ ಇನ್ನೊಬ್ಬ.

ಹಿಂಗಾರಿ ಬಿತ್ತನೆ ಮುಗಿದ ಮೇಲೆ ಅಜ್ಜ ಒಂದು ಸರಕಾರಿ ಆಸ್ಪತ್ರೆಗೆ ಹೋದ್ರು. ಡಿಸೆಂಬರ್‌ನಲ್ಲಿ ಬಲಗಣ್ಣಿನ ಆಪರೇಷನ್ ಆಯ್ತು, ಲೆನ್ಸ್ ಒಳಗೇ ಕೂರಿಸಿದ್ರು, ಬಿಲ್ ಇಲ್ಲ. ಸಂಕ್ರಾಂತಿಗೆ ನಾವು ಮತ್ತೆ ಹೋದಾಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮುಂದಿಟ್ಟುಕೊಂಡು ಅಜ್ಜ ಒಂದೇ ಸಮ ಬೈತಾ ಇದ್ರು: ಚೀಟಿಗೆ ಮೂರು ತಾಸು ಸಾಲು, ಕೂರೋಕೆ ಬೆಂಚಿಲ್ಲ, ಮುಂಜಾನೆ ಬಾ ಅಂದವರು ಮಧ್ಯಾಹ್ನ ನೋಡಿದ್ರು, ಎಡಗಣ್ಣಿಗೆ ಇನ್ನೊಂದು ತಿಂಗಳು ಬಿಟ್ಟು ಬಾ ಅಂದಿದ್ದಾರೆ. ಕಣ್ಣು ಬಂದವನು ಹೀಗೆ ಬೈಯಬಾರದು, ಕೈ ಮುಗೀಬೇಕು ಅಂತ ಅಜ್ಜಿ ಗದರಿದ್ರು. ಅಜ್ಜ ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಟ್ರಂಕಿನ ಚಾಳೀಸು ಅಷ್ಟೊತ್ತಿಗೆ ಅಜ್ಜಿಯ ದೇವರ ಜಗಲಿ ಮೇಲಿತ್ತು.